ಚಿಪ್ಪಿನ ಇನ್ಲೇ ಕೂರಿಸಿದ ಹೆಡ್‌ಸ್ಟಾಕ್: ಮಟ್ಟ, ಗೆರೆ, ತೂತು, ಪಾಲಿಶ್ – ಯಾವುದು ಮೊದಲು?

ತಂತಿಮನೆ:

ಕೈಯಲ್ಲಿ ಮಾಡಿದ ಅಕೌಸ್ಟಿಕ್ ಗಿಟಾರ್. ಹೆಡ್‌ಸ್ಟಾಕಿಗೆ (ನೆಕ್ ಅಂದರೆ ಕತ್ತಿನ ತುದಿಯಲ್ಲಿ ಟ್ಯೂನರ್ ಕೂರುವ ತಲೆಭಾಗ) ಇನ್ಲೇ, ಅಂದರೆ ಮರದ ಗುಳಿಯಲ್ಲಿ ಕೂರಿಸುವ ಚಿಪ್ಪಿನ ಚಿತ್ತಾರ, ಅಂಟಿಸುವುದು ಮುಗಿದಿದೆ, ಫಿನಿಶಿಂಗ್ ಶುರುವಾಗಬೇಕು. ಮುಂದಿನ ಕೆಲಸಗಳ ಕ್ರಮದ ಬಗ್ಗೆ ಈ ಕೆಲಸ ಬಲ್ಲವರ ಸಲಹೆ ಬೇಕಿತ್ತು.

ನೆಕ್ ಮಹಾಗನಿ, ಹೆಡ್‌ಸ್ಟಾಕ್ 14 ಡಿಗ್ರಿ ಹಿಂದಕ್ಕೆ ಬಾಗಿದೆ. ಮಹಾಗನಿ 13 ಮಿ.ಮೀ., ಅದರ ಮೇಲೆ ಬೀಟೆಯ ವೆನಿಯರ್ (ತೆಳು ಹಲಗೆ) 2 ಮಿ.ಮೀ., ಒಟ್ಟು 15. ವಿನ್ಯಾಸ ಒಂದು ಬಳ್ಳಿ. ಎಲೆ ಮತ್ತು ಕಾಂಡ ಬಿಳಿ ಮುತ್ತಿನ ಚಿಪ್ಪು, ಎರಡು ಹೂವು ಮಾತ್ರ ಪಾವಾ ಅಬಲೋನ್ (ನೀಲಿ-ಹಸಿರು ಮಿನುಗಿನ ಸಮುದ್ರದ ಚಿಪ್ಪು). ಚಿಪ್ಪಿನ ದಪ್ಪ 1.3 ಮಿ.ಮೀ., ಗುಳಿಯ ಆಳ 1.1, ಅಂದರೆ ಚಿಪ್ಪು ಈಗ ಮರಕ್ಕಿಂತ 0.2 ಮಿ.ಮೀ. ಮೇಲಿದೆ. ಅಂಟು ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ, ಬೀಟೆ ಪುಡಿ ಬೆರೆಸಿದ್ದು. ಕಾಂಡದ ಅಗಲ 0.8 ಮಿ.ಮೀ., ಅದರ ಪಕ್ಕದಲ್ಲಿ ಎರಡು ಕಡೆ ತೆಳು ಸಂದು ಕಾಣುತ್ತಿದೆ.

ಗೊತ್ತಾಗಬೇಕಾದದ್ದು: ಮಟ್ಟ ಮಾಡಲು ಅರದಿಂದ ಶುರು ಮಾಡಬೇಕೋ ಉಪ್ಪುಕಾಗದದಿಂದಲೋ? ಎಲೆಗಳ ನರ ಕೊರೆಯುವುದು ಯಾವ ಹಂತದಲ್ಲಿ? ಟ್ಯೂನರ್ ತೂತುಗಳನ್ನು (10 ಮಿ.ಮೀ.) ಪಾಲಿಶ್‌ಗೆ ಮುಂಚೆ ಕೊರೆಯಬೇಕೋ ಆಮೇಲೋ? ಇಲ್ಲಿ ಶಿರಸಿ ಕಡೆ ಈಗ ಜಡಿಮಳೆ, ಕೋಣೆಯ ತೇವ ಶೇ. 85 ದಾಟಿದೆ. ಇಂಥ ಹವೆಯಲ್ಲಿ ಸ್ಪ್ರೇ ಮಾಡುವ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಒಳ್ಳೆಯದೋ, ಬಟ್ಟೆಯಿಂದ ಬಳಿಯುವ ಅರಗಿನ ಫ್ರೆಂಚ್ ಪಾಲಿಶ್ ಒಳ್ಳೆಯದೋ?

ಉಳಿಬಾಚಿ:

ಮೊದಲ ಮಾತು, ಈ ತೇವದಲ್ಲಿ ಕೊನೆಯ ಮಟ್ಟ ಮಾಡಲು ಹೋಗಬೇಡಿ. ತೇವಕ್ಕೆ ತಕ್ಕ ಹಾಗೆ ಬೀಟೆ ಉಬ್ಬುತ್ತದೆ, ಕುಗ್ಗುತ್ತದೆ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಅದು ಅಲುಗುವುದಿಲ್ಲ. ಶೇ. 85 ತೇವದಲ್ಲಿ ಎರಡನ್ನೂ ಒಂದೇ ಮಟ್ಟಕ್ಕೆ ತಂದರೆ ಫೆಬ್ರವರಿ ಒಣಹವೆಗೆ ಬೀಟೆ ಕೆಳಗಿಳಿದು ಪ್ರತಿ ಎಲೆಯ ಅಂಚೂ ಪಾಲಿಶ್ ಪದರದಡಿ ಗೆರೆಯಾಗಿ ಎದ್ದು ಕಾಣುತ್ತದೆ. ಇಳಿಯುವುದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೇ ಇರಬಹುದು. ಆದರೆ ಕನ್ನಡಿ ಹೊಳಪಿನ ಮೇಲೆ ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗ ಕಣ್ಣಿಗೆ ಅಷ್ಟೇ ಸಾಕು. ನೆಕ್ಕನ್ನು ಶೇ. 45–55 ತೇವದ ಚಿಕ್ಕ ಕೋಣೆಯಲ್ಲೋ ಡೀಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇಟ್ಟ ಕಪಾಟಿನಲ್ಲೋ ಕನಿಷ್ಠ ಎರಡು ವಾರ ಬಿಡಿ. ಎಪಾಕ್ಸಿಗೂ ಆ ಸಮಯ ಬೇಕೇ ಬೇಕು. ಡಬ್ಬದ ಮೇಲೆ 24 ಗಂಟೆ ಎಂದು ಬರೆದಿದ್ದರೂ ಮಳೆಗಾಲದ ತಂಪಿನಲ್ಲಿ ಅದು ಪೂರ್ತಿ ಗಟ್ಟಿಯಾಗಿ, ಕುಗ್ಗುವಷ್ಟು ಕುಗ್ಗಿ ನಿಲ್ಲಲು ಒಂದು ವಾರ ಹಿಡಿಯುತ್ತದೆ. ಉಗುರು ಒತ್ತಿದರೆ ಗುರುತು ಬೀಳುತ್ತಿದ್ದರೆ ಇನ್ನೂ ಹಸಿಯಿದೆ ಎಂದೇ ಅರ್ಥ.

ಈಗ ಮಟ್ಟ. 0.2 ಮಿ.ಮೀ. ಎತ್ತರವನ್ನು ಉಪ್ಪುಕಾಗದದಿಂದ ಇಳಿಸಲು ಹೊರಟರೆ ಚಿಪ್ಪು ಇಳಿಯುವ ಮುಂಚೆ ಸುತ್ತಲಿನ ಮರ ಸವೆಯುತ್ತದೆ. ಹತ್ತಿಂಚಿನ ಸ್ಮೂತ್ ಅರ ತಗೊಳ್ಳಿ, ಹೆಡ್‌ಸ್ಟಾಕಿನ ಮೇಲೆ ಪೂರ್ತಿ ಮಲಗಿಸಿ, ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಡ ಕೊಡಿ. ಹಿಂದಕ್ಕೆ ಎಳೆಯುವಾಗ ಎತ್ತಿಬಿಡಿ. ಎಳೆತದಲ್ಲಿ ಒತ್ತಿದರೆ ತೆಳು ಕಾಂಡದ ತುಂಡು ಅಂಟು ಬಿಟ್ಟು ಎದ್ದು ಬರುವ ಅಪಾಯ ಇದೆ. ಅರದ ಹಲ್ಲಿನಲ್ಲಿ ಚಿಪ್ಪಿನ ಪುಡಿ ಕಟ್ಟಿಕೊಂಡರೆ ಆಳವಾದ ಗೀರು ಬೀಳುತ್ತೆ, ಹತ್ತು ಸಲ ತಳ್ಳಿದ ಮೇಲೊಮ್ಮೆ ಬ್ರಷ್ ಹೊಡೆಯಿರಿ. ಎತ್ತರ 0.05 ಮಿ.ಮೀ. ಉಳಿದಾಗ, ಅಂದರೆ ಬೆರಳಿಗೆ ಇನ್ನೂ ತಾಗುತ್ತದೆ ಎನ್ನುವಾಗಲೇ ಅರ ಕೆಳಗಿಡಿ.

ಅಲ್ಲಿಂದ ಮುಂದೆ 150, 220, 320 ನಂಬರಿನ ಉಪ್ಪುಕಾಗದ (ನಂಬರ್ ಹೆಚ್ಚಿದಷ್ಟೂ ನುಣುಪು), ಗಟ್ಟಿ ಬ್ಲಾಕಿನ ಮೇಲೆ. ದಪ್ಪ ಗಾಜು, ಅಲ್ಯುಮಿನಿಯಂ ಅಥವಾ ಸ್ಟೀಲ್ ಪಟ್ಟಿ, ಯಾವುದಾದರೂ ಸರಿ. ಕಾರ್ಕ್, ರಬ್ಬರ್, ಬರಿ ಬೆರಳು ಮಾತ್ರ ಬೇಡ. ಮೈಸೂರಿನ ಇನ್ಲೇ ಕೆಲಸದಲ್ಲಿ ಇವತ್ತು ಬೀಟೆಯೊಳಗೆ ಕೂರುವುದು ಹೆಚ್ಚಾಗಿ ಬೇರೆ ಬಣ್ಣದ ಮರವೇ. ಮರಕ್ಕೂ ಮರಕ್ಕೂ ಗಟ್ಟಿತನದಲ್ಲಿ ಅಂಥ ಅಂತರ ಇಲ್ಲದ್ದರಿಂದ ಅಲ್ಲಿ ಕೈ ಕಾಗದವೂ ನಡೆಯುತ್ತದೆ. ಚಿಪ್ಪು ಬಂದ ಕಡೆ ಮೆತ್ತನೆಯ ಬ್ಲಾಕ್ ಹಾಕಿದರೆ ಎರಡು ಎಲೆಗಳ ನಡುವಿನ ಬೀಟೆ ತಗ್ಗಾಗಿ, ಚಿಪ್ಪಿನ ಅಂಚು ದುಂಡಗಾಗಿ, ಚೂಪಾಗಿ ಕತ್ತರಿಸಿದ ತುದಿಗಳೆಲ್ಲ ಮೊಂಡಾಗುತ್ತವೆ. ಆರ್ಬಿಟಲ್ ಸ್ಯಾಂಡರ್ ಇದಕ್ಕಿಂತ ಕೆಟ್ಟದು. ಅದರ ಪ್ಯಾಡೂ ಮೆತ್ತಗೆ, ಬಿಸಿಯೂ ಹುಟ್ಟುತ್ತದೆ. ಬಿಸಿಗೆ ಎಪಾಕ್ಸಿ ಮೆತ್ತಗಾಗಿ ತುಂಡು ಸಡಿಲವಾಗುತ್ತದೆ.

ಪ್ರತಿ ನಂಬರಿಗೂ ಮುಂಚೆ ಮೇಲೆಲ್ಲ ಪೆನ್ಸಿಲ್ ಗೀಚಿ. ಗೀಚು ಎಲ್ಲ ಕಡೆ ಒಟ್ಟಿಗೆ ಮಾಯವಾದರೆ ಮಟ್ಟ ಬಂದಿದೆ. ಎಲೆಯ ಬುಡದಲ್ಲಿ ಸೀಸದ ಗುರುತು ಉಳಿದರೆ ಅಲ್ಲಿ ಮರ ತಗ್ಗಿದೆ.

ಪಾವಾ ಹೂವಿನ ಮೇಲೆ ಒಂದು ಕಣ್ಣಿರಲಿ. ಬಿಳಿ ಚಿಪ್ಪು ಎಷ್ಟು ಸವೆದರೂ ಹೆಚ್ಚೂಕಡಿಮೆ ಒಂದೇ ಥರ ಕಾಣುತ್ತೆ. ಪಾವಾದ ನೀಲಿ-ಹಸಿರು ಬಣ್ಣ ಇರುವುದು ಅಲೆಅಲೆಯಾದ ತೆಳು ಪದರಗಳಲ್ಲಿ. ಒಂದು ಪದರ ದಾಟಿದರೆ ಮಾದರಿಯೇ ಬದಲಾಗಿ ಕೆಳಗಿನ ಮಂಕು ಭಾಗ ಬರಬಹುದು. 220ರಿಂದಾಚೆ ಅಲ್ಲಿ ಬೇಕಾದಷ್ಟೇ ಉಜ್ಜಿ.

ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ಬೀಟೆಯ ರಂಧ್ರಗಳು ದೊಡ್ಡವು. ಉಜ್ಜುವಾಗ ಏಳುವ ಚಿಪ್ಪಿನ ಬಿಳಿ ಪುಡಿ ಆ ರಂಧ್ರಗಳಿಗೆ ತುಂಬಿಕೊಂಡು ಎಲೆಯ ಸುತ್ತ ಬೂದಿ ಬಣ್ಣದ ಮಬ್ಬು ಕಟ್ಟುತ್ತದೆ. ಪಾಲಿಶ್ ಬಿದ್ದ ಮೇಲೆ ಅದು ಅಲ್ಲೇ ಉಳಿಯುತ್ತದೆ. ಅದಕ್ಕೆ 220 ಆದಮೇಲೆ ವ್ಯಾಕ್ಯೂಮ್ ಹಿಡಿದು, ಹಿತ್ತಾಳೆ ಬ್ರಷ್‌ನಿಂದ ನಾರಿನ ದಿಕ್ಕಿನಲ್ಲಿ ಕೆದಕಿ, ನ್ಯಾಫ್ತಾದಿಂದ (ಬೇಗ ಆರುವ ಪೆಟ್ರೋಲಿಯಂ ದ್ರಾವಕ) ಒರೆಸಿ. ಆಮೇಲೆ ಮೇಣ ತೆಗೆದ ಅರಗಿನ ಒಂದು ತೆಳು ಕೋಟ್ ಹೊಡೆದು, ಒಣಗಿದ ಮೇಲೆ 320ಕ್ಕೆ ಹೋಗಿ. ರಂಧ್ರದ ಬಾಯಿಗೆ ಅರಗು ಇದ್ದರೆ ಪುಡಿ ಒಳಗೆ ಹಿಡಿಯುವುದಿಲ್ಲ. ಆ ಒರೆಸುವುದಕ್ಕೆ ಸ್ಪಿರಿಟ್ ಬಳಸಬೇಡಿ, ಬೀಟೆಯ ರಾಳ ಕರಗಿ ಕೆಂಪು-ಕಂದು ನೀರಾಗಿ ಹರಡುತ್ತದೆ. ಚಿಪ್ಪಿನ ಮೇಲೆ ಬಿದ್ದದ್ದು ಒರೆಸಿದರೆ ಹೋಗುತ್ತದೆ. ಆದರೆ ಅಂಚಿನಲ್ಲಿ ಮೇಪಲ್ ಪಟ್ಟಿ ಇಟ್ಟಿದ್ದರೆ ಅದರ ಕಲೆ ತೆಗೆಯಲು ಆಗುವುದಿಲ್ಲ.

ಮುಖಕ್ಕೆ ಎನ್95 ಮಾಸ್ಕ್ ಇರಲೇಬೇಕು. ಚಿಪ್ಪಿನ ಪುಡಿ ತೀರಾ ಸಣ್ಣ, ಶ್ವಾಸಕೋಶಕ್ಕೆ ಕೆಟ್ಟದ್ದು. ಬೀಟೆ ಪುಡಿ ಕೆಲವರಿಗೆ ಚರ್ಮದ ಅಲರ್ಜಿಯನ್ನೂ ತರುತ್ತದೆ.

ಗೆರೆಕಡ್ಡಿ:

ಸಂದು ಮತ್ತು ಗೆರೆ ಎರಡಕ್ಕೂ ಹೇಳ್ತೀನಿ, ಎರಡೂ ಒಂದೇ ಹಂತದಲ್ಲಿ ಮುಗಿಯತ್ತೆ.

ನರ ಕೊರೆಯೋದು ಮಟ್ಟ ಪೂರ್ತಿ ಮುಗಿದು, ಚಿಪ್ಪಿಗೆ 400ರ ಕಾಗದ ಆದಮೇಲೆ. ಮುಂಚೆ ಕೊರೆದ್ರೆ ಉಜ್ಜುವಾಗ ಅರ್ಧ ಗೆರೆ ಅಳಿಸಿಹೋಗತ್ತೆ, ಉಳಿದದ್ದೂ ಒಂದು ಕಡೆ ದಪ್ಪ ಒಂದು ಕಡೆ ತೆಳ್ಳಗೆ ಆಗತ್ತೆ. 400ಕ್ಕಿಂತ ನುಣುಪು ಮಾಡಿದ್ರೆ ಚಿಪ್ಪಿನ ಮೇಲೆ ಪೆನ್ಸಿಲ್ ಹಿಡಿಯೋದಿಲ್ಲ. ತೆಳುವಾಗಿ ಬಿಳಿ ಪೋಸ್ಟರ್ ಬಣ್ಣ ಬಳಿದು, ಒಣಗಿದ ಮೇಲೆ 0.3ರ ಮೆಕ್ಯಾನಿಕಲ್ ಪೆನ್ಸಿಲ್‌ನಲ್ಲಿ ಬರ್ಕೊಳ್ಳಿ.

ಅಕ್ಕಸಾಲಿಗರು ಬಳಸೋ ಚೌಕ ಗ್ರೇವರ್ (ಗೆರೆ ಕೊರೆಯೋ ಸಣ್ಣ ಉಳಿ) ಸಾಕು. ಬೇಕಾದ ಆಳ 0.2ರಿಂದ 0.25 ಮಿ.ಮೀ. ಒಂದೇ ಸಲಕ್ಕೆ ಅಷ್ಟು ಆಳಕ್ಕೆ ತಳ್ಳಬೇಡಿ, ಚಿಪ್ಪು ಲೋಹದ ಹಾಗೆ ಸುರುಳಿ ಬಿಟ್ಟುಕೊಂಡು ಬರಲ್ಲ, ಪುಡಿಯಾಗಿ ಒಡೆಯತ್ತೆ. ಎರಡು ಮೂರು ಸಲ ಅದೇ ಗೆರೆಯಲ್ಲಿ ಹೋಗಿ. ಎಲೆ ತುದಿಯಿಂದ ಬುಡದ ಕಡೆಗೆ ಕೊರೆಯಿರಿ. ಬುಡದಿಂದ ಶುರು ಮಾಡಿದ್ರೆ ಕೊನೆಯಲ್ಲಿ ಉಪಕರಣ ಜಾರಿ ತುದಿ ದಾಟಿ ಬೀಟೆ ಮೇಲೆ ಗೀರು ಹಾಕತ್ತೆ. ಇನ್ನೊಂದು ಕೈಯ ಹೆಬ್ಬೆರಳು ಗ್ರೇವರ್‌ಗೆ ತಡೆಯಾಗಿ ಒತ್ತಿರಲಿ. ಮೂತಿ ಮೊಂಡಾದ ಕೂಡಲೆ ಗೊತ್ತಾಗತ್ತೆ, ಗೆರೆಯ ಅಂಚು ಬಿಳಿಬಿಳಿಯಾಗಿ ಒಡೆಯೋಕೆ ಶುರುವಾಗತ್ತೆ. ಆಗ ನಿಲ್ಲಿಸಿ ಕಲ್ಲಿಗೆ ಹಚ್ಚಿ.

ಎಷ್ಟು ಗೆರೆ ಅನ್ನೋದು ಮುಖ್ಯ. ಒಂದು ನಡುನರ, ಎರಡೂ ಪಕ್ಕ ಮೂರ್ಮೂರು ಉಪನರ, ಅವೂ ಅಂಚು ಮುಟ್ಟೋ ಮೊದಲೇ ಸಣ್ಣಗಾಗಿ ನಿಲ್ಲಬೇಕು. ಅದಕ್ಕಿಂತ ಜಾಸ್ತಿ ಹಾಕಿದ್ರೆ ಎರಡಡಿ ದೂರದಿಂದ ನೋಡಿದಾಗ ಎಲೆ ಕೊಳಕಾಗಿ ಕಾಣತ್ತೆ. ಅಮೆರಿಕದ ಬಾಸ್ಟನ್ನಿನಲ್ಲಿ 1900ರ ದಶಕದಲ್ಲಿ ಮಾಡ್ತಿದ್ದ ಫೇರ್‌ಬ್ಯಾಂಕ್ಸ್ ‘ವೈಟ್ ಲೇಡಿ’ ನಂ. 7 ಬ್ಯಾಂಜೊಗಳ ಹೆಡ್‌ಸ್ಟಾಕಿನಲ್ಲಿ ಗ್ರಿಫಿನ್ ಅನ್ನೋ ರೆಕ್ಕೆಯ ಪ್ರಾಣಿ ಇದೆ, ಮುತ್ತಿನ ಚಿಪ್ಪಿನಲ್ಲಿ ಗೆರೆ ಕೊರೆದದ್ದು. ಅದರ ಹತ್ತಿರದ ಫೋಟೋ ಸಿಕ್ಕಿದ್ರೆ ಗೆರೆ ಎಲ್ಲಿ ದಪ್ಪ, ಎಲ್ಲಿ ಸಣ್ಣ ಅಂತ ನೋಡಿ, ಕಲಿಯೋಕೆ ಅದಕ್ಕಿಂತ ಒಳ್ಳೆ ಮಾದರಿ ಕಡಿಮೆ. ಪಾವಾ ಹೂವಿಗೆ ಗೆರೆ ಬೇಡವೇ ಬೇಡ. ಅದರ ಸ್ವಂತ ಅಲೆಗಳ ಮಧ್ಯೆ ಕೊರೆದ ಗೆರೆ ಕಾಣೋದೇ ಇಲ್ಲ, ಶ್ರಮ ದಂಡ.

ಕಪ್ಪು ತುಂಬೋಕೆ ಮೇಣದ ಕಡ್ಡಿ ಬಳಸಬೇಡಿ. ಮೇಲೆ ಬರೋ ಪಾಲಿಶ್ ಮೇಣಕ್ಕೆ ಹಿಡಿಯಲ್ಲ, ಲ್ಯಾಕರ್ ಥಿನ್ನರ್ ತಾಗಿದ್ರೆ ಕರಗಿ ಗೆರೆ ಪಕ್ಕ ಮಸಿ ಹರಡತ್ತೆ. ತೆಳುವಾದ ನಿಧಾನ ಎಪಾಕ್ಸಿಗೆ ದೀಪದ ಮಸಿ ಬೆರೆಸಿ, 10 ಗ್ರಾಂಗೆ ಚಾಕುವಿನ ತುದಿಯಷ್ಟು ಸಾಕು. ಹಳೇ ಎಟಿಎಂ ಕಾರ್ಡಿನಿಂದ ಹೆಡ್‌ಸ್ಟಾಕ್ ಪೂರ್ತಿ, ನಾರಿಗೆ ಅಡ್ಡಡ್ಡ ಒತ್ತಿ ಎಳೀರಿ. ಒಂದೇ ಎಳೆತಕ್ಕೆ ಮೂರು ಕೆಲಸ ಆಯ್ತು: ಕೊರೆದ ನರ ತುಂಬತ್ತೆ, ಕಾಂಡದ ಪಕ್ಕದ ಸಂದು ಮುಚ್ಚತ್ತೆ, ಬೀಟೆಯ ರಂಧ್ರಾನೂ ತುಂಬತ್ತೆ. ಬೀಟೆಯ ರಂಧ್ರ ಮೊದಲೇ ಕಪ್ಪು, ಆದ್ದರಿಂದ ಮಸಿ ಎದ್ದು ಕಾಣಲ್ಲ. ಮಾರನೇ ದಿನ ಇನ್ನೊಂದು ಕೋಟ್. ಮೂರು ನಾಲ್ಕು ದಿನ ಬಿಟ್ಟು ಗಟ್ಟಿ ಬ್ಲಾಕಿನಲ್ಲಿ 320, ಆಮೇಲೆ 400, ಮರ ಕಾಣೋವರೆಗೆ. ಹೀಗೆ ಉಜ್ಜುವಾಗ ಚಿಪ್ಪಿನಿಂದ ಸುಮಾರು 0.05 ಮಿ.ಮೀ. ಹೋಗತ್ತೆ. ಗೆರೆಯ ಆಳ 0.2ಕ್ಕಿಂತ ಕಮ್ಮಿ ಇರಬಾರದು ಅಂದಿದ್ದು ಅದಕ್ಕೇ.

ಸಂದಿಗೆ ಸೂಪರ್ ಗ್ಲೂ ಮತ್ತು ಮರದ ಪುಡಿ ಹಾಕೋರು ಇದ್ದಾರೆ. ಕರಿಮರದಲ್ಲಿ ಅದು ಚೆನ್ನಾಗೇ ಬರತ್ತೆ. ಬೀಟೆಯಲ್ಲಿ ಬೇಡ ಅನ್ನೋದು ನನ್ನ ಅಭಿಪ್ರಾಯ. ತೆಳು ಗ್ಲೂ ಪಕ್ಕದ ನಾರಿಗೆ ಇಂಗಿ ಅಷ್ಟು ಜಾಗ ಗಾಢವಾಗತ್ತೆ, ಪಾಲಿಶ್ ಬಿದ್ದಾಗ ಎಲೆ ಸುತ್ತ ನೆರಳಿನ ಹಾಗೆ ಉಳಿಯತ್ತೆ. ಆಕ್ಸಿಲರೇಟರ್ ಸಿಂಪಡಿಸಿದ್ರೆ ಗ್ಲೂ ನೊರೆ ಬಂದು ಬಿಳಿ ಗುಳ್ಳೆ ಕಟ್ಟತ್ತೆ.

ಸ್ಪ್ರೇಗನ್:

ಮೇಲಿನವರ ಎಪಾಕ್ಸಿ ಉಪಾಯ ಸರಿಯಾಗಿದೆ, ಅದರ ಮೇಲೆ ಲ್ಯಾಕರ್ ಚೆನ್ನಾಗಿ ಕೂರುತ್ತದೆ. ನನ್ನ ಓಟು ನೈಟ್ರೋಗೆ. ಕಾರಣ, ಒಂದೊಂದು ಕೋಟೂ ಹಿಂದಿನ ಕೋಟನ್ನು ಕರಗಿಸಿ ಒಂದಾಗುತ್ತದೆ. ಚಿಪ್ಪಿನ ಮೇಲೆ ಎಲ್ಲಾದರೂ ಉಜ್ಜಿ ತೂತು ಬಿದ್ದರೆ ಅಲ್ಲಿಗೆ ಮಾತ್ರ ಹೊಡೆದು ಸೇರಿಸಬಹುದು. 2ಕೆ ಪಿಯುನಲ್ಲಿ (ಹಾರ್ಡನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್) ಪದರಗಳು ಒಂದಾಗುವುದಿಲ್ಲ. ಒಂದು ಪದರ ದಾಟಿ ಉಜ್ಜಿದರೆ ನಕ್ಷೆಯ ಎತ್ತರದ ಗೆರೆಗಳಂತೆ ಉಂಗುರ ಉಳಿಯುತ್ತದೆ. ಫರ್ನಿಚರ್‌ಗೆ ಹೊಡೆಯುವ ಮೆಲಮೈನ್ ಬಗ್ಗೆ ಯೋಚನೆಯೂ ಬೇಡ. ಅದರ ಹಾರ್ಡನರ್ ಆಮ್ಲ. ಆಮ್ಲ ತಾಗಿದರೆ ಚಿಪ್ಪು ಕರಗುತ್ತದೆ, ಅದನ್ನು ನೇರವಾಗಿ ಚಿಪ್ಪಿನ ಮೇಲೆ ಹಾಕಿ ಪರೀಕ್ಷೆ ಮಾಡುವ ಅಗತ್ಯ ಯಾರಿಗೂ ಇಲ್ಲ. ಆಯಿಲ್ ವಾರ್ನಿಶ್ ಕೂಡ ಬೀಟೆಯ ಮೇಲೆ ನೇರವಾಗಿ ಬೇಡ, ಅದರ ರಾಳ ವಾರ್ನಿಶ್ ಒಣಗದಂತೆ ತಡೆದು ವಾರಗಟ್ಟಲೆ ಅಂಟಂಟಾಗಿ ಇಡುತ್ತದೆ.

ಮೊದಲು ಸೀಲರ್. ಮೇಣ ತೆಗೆದ ತಿಳಿ ಅರಗು, ಲೀಟರ್‌ಗೆ 120 ಗ್ರಾಂ, ಎರಡು ತೆಳು ಕೋಟ್. ಸಾಧ್ಯವಾದರೆ ಸ್ಪ್ರೇ ಮಾಡಿ, ಬಟ್ಟೆಯಿಂದಾದರೆ ಒಂದೇ ಎಳೆತ, ಅದೇ ಜಾಗಕ್ಕೆ ಮತ್ತೆ ಹೋಗಬೇಡಿ. ಇದು ಬೀಟೆಯ ಬಣ್ಣವನ್ನು ಒಳಗೇ ತಡೆಯುತ್ತದೆ. ಲ್ಯಾಕರ್ ಥಿನ್ನರ್ ಬೀಟೆಯ ರಾಳವನ್ನು ಸ್ಪಿರಿಟ್‌ನಷ್ಟೇ ಸುಲಭವಾಗಿ ಕರಗಿಸುತ್ತದೆ, ಸೀಲರ್ ಇಲ್ಲದೆ ಒದ್ದೆಯಾಗಿ ಹೊಡೆದರೆ ಬಿಳಿ ಎಲೆಯ ಅಂಚಿಗೆ ಕೆಂಪು ಛಾಯೆ ಬರುತ್ತದೆ. ಕಿತ್ತಳೆ ಬಣ್ಣದ ಅರಗು ಬಿಳಿ ಚಿಪ್ಪನ್ನು ಹಳದಿ ಮಾಡುತ್ತದೆ, ಹಾಗಾಗಿ ತಿಳಿಯದ್ದೇ ಬೇಕು.

ಚಿಪ್ಪು ಪಾಲಿಶ್ ಹೀರುವುದಿಲ್ಲ, ಗೀರುಗಳಲ್ಲಿ ಮಾತ್ರ ಹಿಡಿದುಕೊಳ್ಳುತ್ತದೆ. ಅದಕ್ಕೇ 400ಕ್ಕೆ ನಿಲ್ಲಿಸಬೇಕು. 2000ದವರೆಗೆ ಉಜ್ಜಿ ಹೊಳಪಿಸುವುದು ಫ್ರೆಟ್‌ಬೋರ್ಡಿನ ಇನ್ಲೇಗೆ, ಅಲ್ಲಿ ಮೇಲೆ ಏನೂ ಬರುವುದಿಲ್ಲ. ಇಲ್ಲಿ ಹಾಗೆ ಮಾಡಿದರೆ ಮುಂದೆ ಒಂದು ಸಣ್ಣ ಪೆಟ್ಟಿಗೆ ಲ್ಯಾಕರ್ ಚಕ್ಕೆಯಾಗಿ ಏಳುತ್ತದೆ. 400ರ ಗೀರು ಕಾಣುತ್ತದೆ ಎಂಬ ಭಯ ಬೇಡ, ಲ್ಯಾಕರ್ ತುಂಬಿದೊಡನೆ ಗೀರು ಕಾಣದಾಗುತ್ತದೆ. ಸೀಲರ್‌ಗೆ ಮುಂಚೆ ನ್ಯಾಫ್ತಾದಿಂದ ಒರೆಸಿದ ಮೇಲೆ ಬೆರಳು ತಾಗಿಸಬೇಡಿ.

ಲ್ಯಾಕರ್ ಮತ್ತು ಥಿನ್ನರ್ ಸಮಸಮ, 1.3 ಮಿ.ಮೀ. ನಾಜಲ್. ದಿನಕ್ಕೆ ಮೂರು ಕೋಟ್, ಎರಡು ಗಂಟೆ ಅಂತರ. ಮಾರನೇ ದಿನ 400ರಲ್ಲಿ ಹಗುರವಾಗಿ ಉಜ್ಜಿ ಮತ್ತೆ ಮೂರು. ಒಟ್ಟು ಎಂಟು ಒಂಬತ್ತು ಕೋಟ್ ಆದರೆ, ಕೊನೆಯ ಉಜ್ಜುವಿಕೆ ಮುಗಿದ ಮೇಲೆ ಉಳಿಯುವ ಪದರ 0.1ರಿಂದ 0.15 ಮಿ.ಮೀ. ಅದಕ್ಕಿಂತ ದಪ್ಪ ಬೇಡ, ಮುಂದೆ ಬಿರುಕು ಬಿಡುತ್ತದೆ. ಒಂದೇ ದಿನ ಆರು ಕೋಟ್ ಹೊಡೆದು ಮುಗಿಸಿದರೆ ಒಳಗಿನ ಥಿನ್ನರ್ ಸಿಕ್ಕಿಕೊಂಡು ತಿಂಗಳುಗಟ್ಟಲೆ ಕುಗ್ಗುತ್ತಾ ಇರುತ್ತದೆ. ‘ಎಲ್ಲ ಮಟ್ಟ ಮಾಡಿದ್ದೆ, ಆಮೇಲೆ ಇನ್ಲೇ ಅಂಚು ಕಾಣಿಸಿಕೊಂಡಿತು’ ಎನ್ನುವ ದೂರುಗಳಿಗೆ ಮರದ ತೇವದಷ್ಟೇ ಇದೂ ಕಾರಣ.

ಈಗ ಮಳೆ. ಶೇ. 65ರ ಮೇಲೆ ಹೊಡೆಯಬೇಡಿ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅದರ ಮೇಲೆ ಕೂರುತ್ತದೆ, ಪದರ ಹಾಲಿನಂತೆ ಬೆಳ್ಳಗಾಗುತ್ತದೆ. ಥಿನ್ನರ್‌ನಲ್ಲಿ ಶೇ. 5ರಿಂದ 10 ರಿಟಾರ್ಡರ್ ಸೇರಿಸಿದರೆ ಆರುವುದು ನಿಧಾನವಾಗಿ ಸ್ವಲ್ಪ ಅನುಕೂಲ ಆಗುತ್ತದೆ. ಆದರೆ ಶೇ. 85ಕ್ಕೆ ರಿಟಾರ್ಡರ್ ಪರಿಹಾರವಲ್ಲ. ಬೆಳ್ಳಗಾದದ್ದನ್ನು ಒಣ ದಿನ ನೋಡಿ ರಿಟಾರ್ಡರ್ ಬೆರೆಸಿದ ಥಿನ್ನರ್ ಮಾತ್ರ ತೆಳುವಾಗಿ ಹೊಡೆದು ಬಿಡಿಸಬಹುದು. ನಿಮ್ಮಲ್ಲಿ ಅಕ್ಟೋಬರ್ ಕೊನೆಯವರೆಗೆ ಕಾಯಲು ಆಗುವುದಾದರೆ ಕಾಯಿರಿ.

ಕೊನೆಯ ಕೋಟ್ ಆದಮೇಲೆ ಮೂರರಿಂದ ನಾಲ್ಕು ವಾರ ನೇತುಹಾಕಿ. ಆಮೇಲೆ 800, 1000, 1500, 2000, ಪ್ರತಿಸಲವೂ ಬ್ಲಾಕಿನ ಮೇಲೆ, ಮಿನರಲ್ ಟರ್ಪೆಂಟೈನ್ ಹನಿಸಿ. ನೀರು ಬೇಡ, ತೂತಿನ ಬಾಯಿಯಿಂದ ಮರಕ್ಕೆ ಇಳಿದು ಮಹಾಗನಿ ಉಬ್ಬಿ ಲ್ಯಾಕರ್ ಸೀಳುತ್ತದೆ. ಅಂಚಿನಿಂದ 3 ಮಿ.ಮೀ. ಒಳಗೇ ಉಳಿಯಿರಿ, ಅಂಚಿಗೆ 1500 ಮಾತ್ರ. ಪದರ ದಾಟಿ ಮರ ಕಾಣುವುದು ಯಾವಾಗಲೂ ಅಂಚಿನಲ್ಲೇ.

ಅರಗುಬಟ್ಟೆ:

ಹೆಡ್‌ಸ್ಟಾಕಿನಂಥ ಚಿಕ್ಕ ಜಾಗಕ್ಕೆ ಕಂಪ್ರೆಸರ್, ಗನ್, ನಾಲ್ಕು ವಾರ ಕಾಯುವುದು, ಇಷ್ಟೆಲ್ಲ ಬೇಕೇ? ಫ್ರೆಂಚ್ ಪಾಲಿಶ್ ಪದರ ಲ್ಯಾಕರ್‌ಗಿಂತ ಬಹಳ ತೆಳು, ಚಿಪ್ಪಿನ ಮಿನುಗು ಹತ್ತಿರದಿಂದ ಬರುತ್ತದೆ. ಮುಂದೆ ಗೀರು ಬಿದ್ದರೆ ಅದೇ ಬಟ್ಟೆಯಲ್ಲಿ ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಬೆವರಿನ ಕೈ ಹೆಚ್ಚು ತಾಗದ ಜಾಗವಾದ್ದರಿಂದ ಅರಗಿನ ದೊಡ್ಡ ದೌರ್ಬಲ್ಯ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಲೀಟರ್‌ಗೆ 180ರಿಂದ 200 ಗ್ರಾಂ, ಮೇಣ ತೆಗೆದದ್ದು. ಕರಗಿಸಿ ಆರು ತಿಂಗಳು ದಾಟಿದ್ದನ್ನು ಬಳಸಬೇಡಿ, ಹಳತಾದ ಅರಗು ಎಷ್ಟು ದಿನ ಬಿಟ್ಟರೂ ಗಟ್ಟಿಯಾಗುವುದಿಲ್ಲ. ಗಾಜಿನ ಮೇಲೆ ಒಂದು ಹನಿ ಬಿಟ್ಟು ಮಾರನೇ ದಿನ ಉಗುರಿನಿಂದ ನೋಡಿ, ಗುರುತು ಬಿದ್ದರೆ ಚೆಲ್ಲಿ. ಇನ್ನೊಂದು ತೊಂದರೆ ಸ್ಪಿರಿಟ್‌ನದು. ಬಣ್ಣದಂಗಡಿಯಲ್ಲಿ ಬಿಡಿಯಾಗಿ ಕೊಡುವ ಸ್ಪಿರಿಟ್‌ನಲ್ಲಿ ನೀರು ಎಷ್ಟಿದೆ ಎಂದು ತಿಳಿಯುವುದಿಲ್ಲ, ನೀರಿದ್ದರೆ ಪದರ ಮಬ್ಬಾಗುತ್ತದೆ. ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್ ತಗೊಳ್ಳಿ. ಅರಗು ಕರಗಲು ಹೆಚ್ಚು ಹೊತ್ತು ಹಿಡಿದರೂ ಗುಣ ಒಂದೇ ಥರ ಇರುತ್ತದೆ.

ಪ್ಯೂಮಿಸ್ ಹಾಕಿ ರಂಧ್ರ ತುಂಬುವ ಹಳೆಯ ವಿಧಾನ ಇಲ್ಲಿ ಬೇಡ. ಬಿಳಿ ಪುಡಿ ಬೀಟೆಯ ರಂಧ್ರದಲ್ಲಿ ಬೂದಿಯಾಗಿ ಉಳಿಯಬಹುದು, ಜೊತೆಗೆ ಕೊರೆದ ನರಗಳ ಕಪ್ಪನ್ನೂ ಕೆರೆಯುತ್ತದೆ. ರಂಧ್ರ ಎಪಾಕ್ಸಿಯಿಂದಲೇ ತುಂಬಿರಲಿ. ಮೊದಲ ನಾಲ್ಕೈದು ಸುತ್ತು ಎಣ್ಣೆಯಿಲ್ಲದೆ, ನೇರ ಎಳೆತದಲ್ಲಿ, ಬಟ್ಟೆ ಹೆಚ್ಚು ಒದ್ದೆಯಿಲ್ಲದಂತೆ. ಈ ಹಂತದಲ್ಲೇ ಬೀಟೆಯ ಬಣ್ಣ ಬಿಡುವುದು. ಬಟ್ಟೆಯ ತಳ ಕೆಂಪಾದರೆ ತಕ್ಷಣ ಹೊರಬಟ್ಟೆ ಬದಲಿಸಿ, ಇಲ್ಲದಿದ್ದರೆ ಆ ಕೆಂಪನ್ನೇ ಬಿಳಿ ಎಲೆಗಳಿಗೆ ಬಳಿದಂತಾಗುತ್ತದೆ. ಪದರ ಮುಚ್ಚಿದ ಮೇಲೆ ಒಂದು ಹನಿ ಆಲಿವ್ ಎಣ್ಣೆ, ಸುತ್ತುಸುತ್ತಾಗಿ. ದಿನಕ್ಕೆ ಒಂದು ಅವಧಿ, ಒಟ್ಟು ಎಂಟು ಹತ್ತು ಅವಧಿ. ನಡುವೆ ಎರಡು ಸಲ 600ರ ಕಾಗದ, ಗಟ್ಟಿ ಬ್ಲಾಕಿನಲ್ಲಿ.

ಮಳೆಯ ವಿಷಯದಲ್ಲಿ ಸ್ಪ್ರೇಗನ್ ಹೇಳಿದ್ದು ಅರಗಿಗೂ ಅನ್ವಯಿಸುತ್ತದೆ. ವ್ಯತ್ಯಾಸ ಇಷ್ಟೇ, ಡೀಹ್ಯುಮಿಡಿಫೈಯರ್ ಇರುವ ಮುಚ್ಚಿದ ಕೋಣೆಯಲ್ಲಿ ಬಟ್ಟೆ ಕೆಲಸ ಮಾಡಬಹುದು, ಲ್ಯಾಕರ್ ಸ್ಪ್ರೇ ಮಾಡುವ ಹಾಗಿಲ್ಲ. ಅದರ ಆವಿಗೆ ಬೆಂಕಿ ತಾಗುವ ಅಪಾಯ ಇದೆ, ಗಾಳಿ ಆಡಲೇಬೇಕು.

ತಂತಿಮನೆ:

ತುಂಬಾ ಉಪಕಾರ. ಡೀಹ್ಯುಮಿಡಿಫೈಯರ್ ವ್ಯವಸ್ಥೆ ಆಗುತ್ತದೆ, ಹಾಗಾಗಿ ಮಟ್ಟ ಮತ್ತು ಗೆರೆ ಈಗ, ಪಾಲಿಶ್ ಅರಗಿನದು ಎಂದು ತೀರ್ಮಾನ. ಎರಡು ವಿಷಯ ಉಳಿದಿವೆ. ಟ್ಯೂನರ್ ತೂತು ಇನ್ನೂ ಕೊರೆದಿಲ್ಲ, ಒಂದು ಎಲೆಯ ತುದಿ ತೂತಿನ ಗೆರೆಯಿಂದ 3 ಮಿ.ಮೀ. ದೂರದಲ್ಲಿದೆ. ಮತ್ತೆ, ಗಿಟಾರ್ ಜರ್ಮನಿಗೆ ಹೋಗಲಿದೆ. ಬೀಟೆ, ಚಿಪ್ಪು ಎರಡಕ್ಕೂ ಕಾಗದಪತ್ರ ಬೇಕೇ?

ಉಳಿಬಾಚಿ:

ಬೀಟೆ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳು 2017ರ ಜನವರಿಯಿಂದ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಯಲ್ಲಿವೆ, ಬ್ರೆಜಿಲ್‌ನ ಬೀಟೆ ಮಾತ್ರ ಮೊದಲನೇ ಪಟ್ಟಿಯಲ್ಲಿದೆ. ಆದರೆ 2019ರ ನವೆಂಬರ್‌ನಿಂದ ಪೂರ್ತಿ ಸಿದ್ಧವಾದ ಸಂಗೀತ ವಾದ್ಯಗಳಿಗೆ ವಿನಾಯಿತಿ ಬಂದಿದೆ. ಸಿದ್ಧ ಗಿಟಾರಿಗೂ ಬೀಟೆಯ ಹಲಗೆಗೂ ನಿಯಮ ಬೇರೆ ಎಂಬುದು ನೆನಪಿರಲಿ. ಬಿಳಿ ಚಿಪ್ಪು ಪಿಂಕ್ಟಾಡಾ ಮ್ಯಾಕ್ಸಿಮಾ, ಪಾವಾ ಅಂದರೆ ನ್ಯೂಜಿಲೆಂಡಿನ ಹ್ಯಾಲಿಯೋಟಿಸ್ ಐರಿಸ್. ಇವೆರಡೂ ಸೈಟಿಸ್ ಪಟ್ಟಿಯಲ್ಲಿಲ್ಲ. ತೊಂದರೆ ಕೊಡುವುದು ನಾಟಿಲಸ್ ಮತ್ತು ಆಮೆಚಿಪ್ಪು. ನಾಟಿಲಸ್‌ಗೆ ಸೈಟಿಸ್ ಜೊತೆಗೆ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಚಿಪ್ಪು ಕೊಂಡ ಬಿಲ್ಲಿನಲ್ಲಿ ಬರೀ ‘ಶೆಲ್’ ಅಂತ ಇರದೆ ಜಾತಿಯ ಹೆಸರು ಇರುವ ಹಾಗೆ ಬರೆಸಿಕೊಳ್ಳಿ, ಗಡಿಯಲ್ಲಿ ಪ್ರಶ್ನೆ ಬಂದರೆ ಅದೇ ಉತ್ತರ. ಕಳುಹಿಸುವ ಮುಂಚೆ ಅಂದಿನ ನಿಯಮ ಏನಿದೆ ಎಂದು ಒಮ್ಮೆ ವಿಚಾರಿಸಿ.

ಬೈರಿಗೆ:

ತೂತು ಪಾಲಿಶ್‌ಗೆ ಮುಂಚೆಯೇ. ಇನ್ನೂ ಸರಿಯಾಗಿ ಹೇಳಬೇಕೆಂದರೆ 220ರ ಮಟ್ಟ ಆದಮೇಲೆ, ಎಪಾಕ್ಸಿ ಎಳೆಯುವ ಮುಂಚೆ. ಕೊರೆಯುವಾಗ ಬಾಯಲ್ಲಿ ಚೂರುಪಾರು ಎದ್ದರೂ ಎಪಾಕ್ಸಿ ಮತ್ತು 320 ಅದನ್ನು ಸರಿಮಾಡುತ್ತವೆ. ಪಾಲಿಶ್ ಆದಮೇಲೆ ಕೊರೆದರೆ ಬಾಯ ಸುತ್ತ ಪದರ ಚಕ್ಕೆ ಏಳುವುದು ಗ್ಯಾರಂಟಿ.

3 ಮಿ.ಮೀ. ದೂರ ಇದ್ದರೆ ಚಿಪ್ಪಿಗೆ ಅಪಾಯ ಇಲ್ಲ. ಆದರೆ ಕೊರೆಯುವ ಮುಂಚೆ ಟ್ಯೂನರ್ ವಾಷರಿನ ಹೊರ ಅಳತೆ ವರ್ನಿಯರ್‌ನಲ್ಲಿ ನೋಡಿ. 10 ಮಿ.ಮೀ. ತೂತಿಗೆ ಬರುವ ವಾಷರ್ 14–15 ಮಿ.ಮೀ. ಇದ್ದರೆ ತೂತಿನ ಅಂಚಿನಿಂದ ಎರಡರಿಂದ ಎರಡೂವರೆ ಮಿ.ಮೀ. ಆಚೆಗೆ ಚಾಚುತ್ತದೆ. ಎಲೆಯ ತುದಿಗೂ ವಾಷರಿಗೂ ಉಳಿಯುವುದು ಅರ್ಧದಿಂದ ಒಂದು ಮಿ.ಮೀ. ಮಾತ್ರ. ಕಣ್ಣಿಗೆ ಇಕ್ಕಟ್ಟಾಗಿ ಕಂಡರೆ ತೂತುಗಳ ಆ ಇಡೀ ಸಾಲನ್ನು 1 ಮಿ.ಮೀ. ಹೊರಕ್ಕೆ ಸರಿಸಿ, ಒಂದೇ ತೂತನ್ನು ಸರಿಸಿದರೆ ಎದ್ದು ಕಾಣುತ್ತದೆ. ಹಾಗೆ ಸರಿಸುವ ಮುಂಚೆ ಹಿಂದೆ ಟ್ಯೂನರ್ ಪೆಟ್ಟಿಗೆ ಹೆಡ್‌ಸ್ಟಾಕಿನ ಅಂಚಿಗೆ ಎಷ್ಟು ಹತ್ತಿರ ಬರುತ್ತದೆ ಎಂದು ನೋಡಿಕೊಳ್ಳಿ.

ಮುಖದ ಕಡೆಯಿಂದ, ಮೊದಲು 3 ಮಿ.ಮೀ. ಬಿಟ್‌ನಿಂದ ಆರ್‌ಪಾರ್. ಆಮೇಲೆ 10 ಮಿ.ಮೀ. ಬ್ರ್ಯಾಡ್ ಪಾಯಿಂಟ್ ಬಿಟ್ (ನಡುವೆ ಚೂಪು ಮೊನೆ ಇರುವ ಮರದ ಬಿಟ್), ಡ್ರಿಲ್ ಪ್ರೆಸ್‌ನಲ್ಲಿ. ಮುಂದಿನಿಂದ ಅರ್ಧ ಆಳ, ತಿರುಗಿಸಿ ಹಿಂದಿನಿಂದ ಉಳಿದರ್ಧ. ಹೆಡ್‌ಸ್ಟಾಕಿನ ಮುಖ ಟೇಬಲ್ಲಿಗೆ ಸಮನಾಗಿ ಕೂರಬೇಕು, ಅದಕ್ಕೆ ನೆಕ್ಕಿನ ಉಳಿದ ಭಾಗ ಟೇಬಲ್ಲಿನಿಂದ ಆಚೆ ಇರುವ ಹಾಗೆ ಹಿಡಿಯಿರಿ, ಅಡಿಯಲ್ಲಿ ರದ್ದಿ ಹಲಗೆ ಇಟ್ಟು ಕ್ಲ್ಯಾಂಪ್ ಹಾಕಿ. ಸಾಮಾನ್ಯ ಲೋಹದ ಬಿಟ್ ಬೀಟೆಯ ಮೇಲೆ ಜಾರಿ ತೂತನ್ನು ಅತ್ತಿತ್ತ ಮಾಡುತ್ತದೆ. ಕೊರೆದ ಮೇಲೆ ಕೌಂಟರ್‌ಸಿಂಕ್ ಕೈಯಲ್ಲೇ ಎರಡು ಸುತ್ತು ತಿರುಗಿಸಿ ಬಾಯಿಗೆ 0.3 ಮಿ.ಮೀ. ಓರೆ ಕೊಡಿ. ಚೂಪು ಅಂಚಿನ ಮೇಲೆ ಯಾವ ಪಾಲಿಶೂ ನಿಲ್ಲುವುದಿಲ್ಲ.

ಎಪಾಕ್ಸಿ ಎಳೆಯುವಾಗಲೂ ಪಾಲಿಶ್ ಮಾಡುವಾಗಲೂ ತೂತಿನೊಳಗೆ ಸುತ್ತಿದ ಫೋಮ್ ತುರುಕಿ, ಮುಖದಿಂದ 1 ಮಿ.ಮೀ. ಕೆಳಗೆ ಇರಲಿ. ತಂತಿಗಳು ಹಾಯುವ ನಟ್ ಪಟ್ಟಿ ಕೂರುವ ತೋಡಿಗೆ ಟೇಪ್. ಪಾಲಿಶ್ ಮುಗಿದ ಮೇಲೆ ಟೇಪ್ ಕೀಳುವ ಮುಂಚೆ ಅದರ ಅಂಚಿನಲ್ಲಿ ಬ್ಲೇಡ್‌ನಿಂದ ಗೆರೆ ಎಳೆಯಿರಿ, ಹಾಗೇ ಎಳೆದರೆ ಬೀಟೆಯ ಅಂಚಿನ ಪದರವೂ ಜೊತೆಗೆ ಬರುತ್ತದೆ.

ಟ್ಯೂನರ್ ಹಾಕುವುದು ಪಾಲಿಶ್ ಮುಗಿದು ಕನಿಷ್ಠ ಎರಡು ವಾರ ಬಿಟ್ಟು. ಒಳಗೆ ಸೇರಿದ ಪಾಲಿಶ್ ಮತ್ತು ಎಪಾಕ್ಸಿಯನ್ನು ರೀಮರ್‌ನಿಂದ ತೆಗೆದು, ಬುಶಿಂಗ್ (ತೂತಿನೊಳಗೆ ಕೂರುವ ಟ್ಯೂನರಿನ ಲೋಹದ ಕೊಳವೆ) ಬೆರಳಿನ ಒತ್ತಡಕ್ಕೇ ಇಳಿಯುವ ಹಾಗೆ ಮಾಡಿ. ಬಿಗಿಯಾಗಿದ್ದರೆ ಸುತ್ತಿಗೆ ತಗೊಳ್ಳಬೇಡಿ, ಬಾಯ ಸುತ್ತ ಕಿರಣಗಳಂತೆ ಬಿರುಕು ಬರುವುದು ಹೀಗೇ. ಟ್ಯೂನರಿನ ನಟ್ಟನ್ನು ಕೈಯಲ್ಲಿ ಬಿಗಿ ಮಾಡಿ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು, ಅಷ್ಟೇ. ಹೆಚ್ಚು ತಿರುಗಿಸಿದರೆ ವಾಷರ್ ಅಡಿಯ ಅರಗು ಹಿಂಡಿಕೊಂಡು ಹೊರಬರುತ್ತದೆ. ಹಿಂದಿನ 2 ಮಿ.ಮೀ. ಸ್ಕ್ರೂಗಳಿಗೆ 1.5 ಮಿ.ಮೀ. ಪೈಲಟ್ ತೂತು, ಬಿಟ್‌ಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಳ್ಳಿ. ಸ್ಕ್ರೂ ಎಳೆಗೆ ಮೇಣದ ಬತ್ತಿ ಉಜ್ಜಿ ತಿರುಗಿಸಿ, ಒಣ ಸ್ಕ್ರೂವಿನ ತಲೆ ಮಹಾಗನಿಯಲ್ಲೂ ತುಂಡಾಗುತ್ತದೆ.

ತಂತಿ ಏರಿಸಿ ಒಂದು ವಾರದ ನಂತರ ಆರೂ ನಟ್ಟುಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿ. ಹೊಸ ಪದರ ಸ್ವಲ್ಪ ಕೂತಿರುತ್ತದೆ, ನಟ್ ಸಡಿಲವಾಗಿ ವಾಷರ್ ಕಿರಿಕಿರಿ ಸದ್ದು ಮಾಡತೊಡಗುತ್ತದೆ.